ಅನ್ನಕ್ಕೆ ಕಿವಿಗೊಡುತ್ತಿದ್ದ ನಮ್ಮತ್ತೆ

ನಮ್ಮತ್ತೆ ಮಗನ ಮಾತಿಗೆ ಕಿವಿಗೊಡುತ್ತಿರಲಿಲ್ಲ, ಸೊಸೆಯ ಮಾತಿನ ವಿಷಯವಂತೂ ಕೇಳಲೇಬೇಡಿ. ಅವರು ಕಿವಿಗೊಡುತ್ತಿದ್ದದ್ದು ಅನ್ನಕ್ಕೆ ಮಾತ್ರ!

ತಮಾಷೆಗೆ ಹೇಳುತ್ತಿಲ್ಲ ಮಾರಾಯ್ರೆ. ಮನೆಯಲ್ಲಿ ಯಾರಾದರೂ ದಿನದ ಪ್ರಯಾಣ ಹೊರಟರೆ ಬೆಳಕು ಹರಿಯುವ ಮೊದಲೇ ಅತ್ತೆ ಅನ್ನ ಮಾಡಿ, ಚಾಪೆಯ ಮೇಲೆ ಬಾಳೆಲೆ ಹಾಸಿ, ಅದರ ಮೇಲೆ ಹರಡುತ್ತಿದ್ದರು. ಆಮೇಲೆ ಮಂಡಿಯೂರಿ, ಸೆರಗು ಸಿಕ್ಕಿಸಿ, ಬಲಗಿವಿಯನ್ನು ಅನ್ನದ ಹತ್ತಿರ ತಂದು ಕಣ್ಣು ಮುಚ್ಚಿಬಿಡುವರು. ಹೊಸದಾಗಿ ಮದುವೆಯಾಗಿ ಬಂದ ನಾನು ಮೊದಲ ಸಲ ಅದನ್ನು ನೋಡಿದಾಗ ಏನೋ ಪೂಜೆಯಿರಬೇಕೆಂದು ಕೈಮುಗಿದು ನಿಂತಿದ್ದೆ!

"ಕೈ ಎಂತಕ್ಕೆ ಮುಗೀತಿ? ಬೀಸಣಿಗೆ ತಕೋ. ಇನ್ನೂ ಉಸಿರಾಡ್ತಾ ಉಟ್ಟು" ಎಂದರು.

"ಯಾರು, ಅತ್ತೆ?"

"ಅನ್ನ!"

ನಾನು ಸೋಮವಾರಪೇಟೆ ಕಡೆಯವಳು, ಮಡಿಕೇರಿ ಪಕ್ಕದ ಅವರ ಊರು ಗಾಳಿಬೀಡಿನ ಅರೆಭಾಷೆ ಕಿವಿಗೆ ಹತ್ತಲು ಒಂದು ಮಳೆಗಾಲವೇ ಬೇಕಾಯಿತು. 'ಉಟ್ಟು' ಎಂದರೆ 'ಇದೆ', 'ಇಲ್ಲೆ' ಎಂದರೆ 'ಇಲ್ಲ'. ಅಷ್ಟು ಕಲಿತ ಮೇಲೆ ಅತ್ತೆಯ ಶಾಸ್ತ್ರವೂ ತಿಳಿಯಿತು. ಬಿಸಿ ಅನ್ನವನ್ನು ಕಟ್ಟಿದರೆ ಎಲೆಯೊಳಗೆ ಬೆವರುತ್ತದೆ. "ಬೆವರಿದ ಅನ್ನ, ಬೆವರಿದ ಗಂಡಸು, ಎರಡೂ ಮಧ್ಯಾಹ್ನಕ್ಕೆ ವಾಸನೆ!" ಎನ್ನುವರು. ಹಾಗಾಗಿ ಅನ್ನ ಪೂರ್ತಿ ಉಸಿರು ಬಿಡುವ ತನಕ ಬೀಸಬೇಕು. ಆ ಮನೆಯಲ್ಲಿ ಮಾವ ಹೇಳಿದ್ದೇ ಕೊನೆಯ ಮಾತು. ಬುತ್ತಿ ಕಟ್ಟುವ ಹೊತ್ತಿನಲ್ಲಿ ಮಾತ್ರ ಅವರೂ ಮೀಸೆಯ ಕೆಳಗೆ ಬಾಯಿ ಮುಚ್ಚಿಕೊಂಡು ಇನ್ನೊಂದು ಬೀಸಣಿಗೆ ಹಿಡಿಯಬೇಕಾಗಿತ್ತು.

ಬೇಸಿಗೆಯ ಬುತ್ತಿಗೆ ತೆಂಗಿನಕಾಯಿ ನಿಷಿದ್ಧ. ಈರುಳ್ಳಿ ನಿಷಿದ್ಧ. ಒದ್ದೆ ಕೈ ನಿಷಿದ್ಧ. ನಾನು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ದಿನ ಅಡುಗೆಮನೆಯ ಹೊಸಿಲಿನಾಚೆಯೇ ನಿಲ್ಲಬೇಕಿತ್ತು, ಆ ವಾಸನೆಗೇ ಅನ್ನ ಕೆಡುತ್ತದಂತೆ! ಮತ್ತೆ ಏನಿರುತ್ತಿತ್ತು ಅಂತೀರಾ? ನಮ್ಮ ಕಡೆಯ ಕಪ್ಪು ಹುಳಿ, ಅದೇ ಕಾಚಂಪುಳಿ, ಹಾಕಿ ಹುರಿದ ಮೆಣಸಿನ ಪುಡಿಯೊಂದಿಗೆ ಕಲಸಿದ ಅನ್ನ. ಕೆಂಡದಲ್ಲಿ ಸುಟ್ಟ ಹಲಸಿನ ಬೀಜ. ಒಣಗಿದಷ್ಟೂ ರುಚಿಯಾಗುವ ಅಕ್ಕಿರೊಟ್ಟಿ. ಒಂದು ತುಂಡು ಬೆಲ್ಲ. ಸೋರೆಬುರುಡೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ. ಉಪ್ಪು, ಬೆಲ್ಲ ಬಿಟ್ಟರೆ ಯಾವುದಕ್ಕೂ ಅಂಗಡಿಯ ಮೆಟ್ಟಿಲು ಹತ್ತಬೇಕಿರಲಿಲ್ಲ. ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಬಾಳೆನಾರಿನಿಂದ ಅತ್ತೆ ಕಟ್ಟಿದ ಗಂಟನ್ನು ಬಿಚ್ಚಲು ಬೇರೆಯವರು ಹಲ್ಲು ಉಪಯೋಗಿಸಬೇಕಿತ್ತು.

ಅತ್ತೆಗೆ ಮನುಷ್ಯರನ್ನು ಅಳೆಯುವ ಸೇರೂ ಇದೇ. ಪಕ್ಕದ ಮನೆಯ ಹುಡುಗಿಗೆ ಗೊತ್ತಾದ ವರನನ್ನು ನೋಡಿ ಬಂದ ಅತ್ತೆ, "ಆ ಹುಡುಗ ಕಾಯಿಚಟ್ನಿ. ಬೆಳಿಗ್ಗೆ ರುಚಿ, ಮಧ್ಯಾಹ್ನಕ್ಕೆ ನಂಬೋ ಹಾಂಗಿಲ್ಲೆ" ಅಂದರು. ಸಂಬಂಧ ಅಲ್ಲಿಗೇ ಮುರಿಯಿತು!

"ಹಾಗಾದ್ರೆ ಮಾವ?" ಎಂದು ನಾನು ಮೆಲ್ಲಗೆ ಕೇಳಿದೆ.

"ಉಪ್ಪಿನಕಾಯಿ. ಯಾವತ್ತೂ ಕೆಡೂದಿಲ್ಲೆ. ಆದ್ರೆ ಬರೀ ಅದನ್ನೇ ತಿನ್ನೋಕಾಗ್ತದಾ?"

"ನಾನು?"

"ನೀನು ಇನ್ನೂ ಬಿಸಿ ಅನ್ನ. ಆರ್ಬೇಕು."

ನನ್ನ ಗಂಡ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬಿಳಿ ದೊರೆಯ ಬಂಗಲೆಗೆ ಮಂಜುಗಡ್ಡೆ ಇಡುವ ಪೆಟ್ಟಿಗೆಯೊಂದು ಬಂದಿದೆ, ಅದರಲ್ಲಿಟ್ಟ ಮಾಂಸ ವಾರವಾದರೂ ಹಾಗೇ ಇರುತ್ತದೆ ಎಂದು ಒಂದು ಸಂಜೆ ಬಾಯಿ ತುಂಬ ವರ್ಣಿಸಿದರು. ಅತ್ತೆ ಮರುಕದಿಂದ ಲೊಚಗುಟ್ಟಿದರು. "ಪಾಪ! ದೊರೆಸಾನಿಗೆ ಬುತ್ತಿ ಕಟ್ಟೋಕೆ ಬರೂದಿಲ್ಲೆ ಕಾಣ್ತದೆ. ನಾಳೆ ಕರ್ಕೊಂಡ್ ಬಾ, ಹೇಳಿಕೊಡ್ತೇನೆ." ನನ್ನ ಗಂಡ ಮರುದಿನ ಎಸ್ಟೇಟಿನಿಂದ ಬೇಕೆಂದೇ ತಡವಾಗಿ ಬಂದರು.

ಊರಿನ ಹೆಂಗಸರು ನಗುತ್ತಿದ್ದರೇ? ನಗುತ್ತಿದ್ದರು, ಆದರೆ ಭಾಗಮಂಡಲಕ್ಕೆ ಗಾಡಿ ಕಟ್ಟುವ ಹಿಂದಿನ ದಿನ ಅವರೇ ಅಕ್ಕಿ, ಬಾಳೆಲೆ ಹಿಡಿದುಕೊಂಡು ನಮ್ಮ ಜಗಲಿಯಲ್ಲಿ ಸಾಲಾಗಿ ಬಂದು ಕೂರುತ್ತಿದ್ದರು. ಒಬ್ಬಾಕೆ ಮಾತ್ರ ಜಂಭದಿಂದ ತಾನೇ ಕಾಯಿ ಹಾಕಿ ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಮಧ್ಯಾಹ್ನ ಎಲೆ ಬಿಚ್ಚಿದಾಗ ಎತ್ತುಗಳೂ ಮುಖ ತಿರುಗಿಸಿದವಂತೆ! ಅತ್ತೆ ತಮ್ಮ ಬುತ್ತಿಯಲ್ಲಿ ಅರ್ಧ ಅವಳ ಮುಂದೆ ಇಟ್ಟರಂತೆ. ಓದು ಬಾರದ, ಮೈಮೇಲೆ ಚಿನ್ನವಿಲ್ಲದ, ಗಂಡನ ಮುಂದೆ ದನಿಯೆತ್ತದ ಆ ಹೆಂಗಸಿಗೆ ಊರಿನಲ್ಲಿದ್ದ ದೊಡ್ಡ ಹೆಸರೆಂದರೆ ಇದೊಂದೇ.

ಇನ್ನು ನನ್ನ ಕಷ್ಟಕ್ಕೆ ಬರುತ್ತೇನೆ.

ನನ್ನ ಮದುವೆಯ ಊಟದಲ್ಲಿ ನನ್ನ ಅಪ್ಪ ಉಪ್ಪಿನಕಾಯಿಯನ್ನು ಪಂಕ್ತಿಯ ಆ ತುದಿಯಿಂದ ಬಡಿಸುತ್ತ ಬಂದರು. ಮಾವ ಕೂತಿದ್ದದ್ದು ಈ ತುದಿಯಲ್ಲಿ. ಅವರ ಎಲೆಗೆ ಬರುವ ಹೊತ್ತಿಗೆ ಉಪ್ಪಿನಕಾಯಿ ಮುಗಿದಿತ್ತು! ಎರಡು ರಾಜ್ಯಗಳು ಯುದ್ಧಕ್ಕೆ ಹೊರಡಲು ಈ ಕಾರಣ ಸಾಲದು, ಆದರೆ ಬೀಗರಿಗೆ ಧಾರಾಳ ಸಾಕು. "ಅವನಾಗಿ ಬಂದು ತಪ್ಪಾಯ್ತು ಅನ್ನೋವರೆಗೆ ನನ್ನ ಸೊಸೆ ಆ ಮನೆಗೆ ಕಾಲಿಡುವಂತಿಲ್ಲ" ಎಂದು ಮಾವ ಆಣೆಯಿಟ್ಟರು. "ಉಪ್ಪಿನಕಾಯಿಗೆಲ್ಲ ಕೈಮುಗಿಯೋನಲ್ಲ ನಾನು" ಎಂದು ಅಪ್ಪ ಅಲ್ಲಿಂದ ಹೇಳಿ ಕಳಿಸಿದರು. ಇಬ್ಬರ ಮೀಸೆಯೂ ಒಂದೇ ಅಳತೆಯದು!

ಮೊದಮೊದಲು ನಗುತ್ತಿದ್ದೆ. ಬಸುರಿಯಾದ ಮೇಲೆ ನಗು ನಿಂತಿತು. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಲೋಕವೆಲ್ಲ ನಡೆದುಬಂದ ಪದ್ಧತಿ. ನನಗೋ ತಿಂಗಳು ತುಂಬುತ್ತ ಬಂದರೂ ಬಾಗಿಲು ತೆರೆಯಲಿಲ್ಲ. ನನ್ನ ಚಿಕ್ಕಮ್ಮ ಚೊಚ್ಚಲ ಹೆರಿಗೆಯಲ್ಲೇ ತೀರಿಹೋದದ್ದನ್ನು ಕಣ್ಣಾರೆ ಕಂಡವಳು ನಾನು. ನನಗೆ ಹೆದರಿಕೆಯಾಗುತ್ತಿತ್ತು, ಅವ್ವ ಬೇಕಿತ್ತು. ಗಂಡನಿಗೆ ಹೇಳಿದರೆ ಅವರು ತಮ್ಮ ಅಪ್ಪನ ಮುಖ ನೋಡಿ ಎಸ್ಟೇಟಿಗೆ ಹೋಗಿಬಿಡುತ್ತಿದ್ದರು. ಅತ್ತೆಗೆ ಹೇಳಿದರೆ, "ಆ ರೊಟ್ಟಿ ಮಗುಚು" ಎನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಅತ್ತೆ ಮಾವನ ಮುಂದೆ ನಿಂತು, "ಬಸುರಿಗೆ ಕಾವೇರಿ ಸ್ನಾನ ಮಾಡಿಸ್ಬೇಕು. ಕುಶಾಲನಗರಕ್ಕೆ ಹೋಗಿ ಸಂಜೆಗೆ ಬರ್ತೇವೆ" ಎಂದರು. ಸರ್ಕಾರದವರ ಬಾಯಲ್ಲಿ ಅದು ಫ್ರೇಜರ್‌ಪೇಟೆ, ನಮ್ಮ ಬಾಯಲ್ಲಿ ಕುಶಾಲನಗರ.

"ಖರ್ಚು?" ಎಂದರು ಮಾವ.

"ಬಸ್ಸಿನ ದುಡ್ಡು ಮಾತ್ರ. ಊಟ ಮನೇದೇ."

ಕುಶಾಲನಗರದಿಂದ ನನ್ನ ತವರಿಗೆ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ. ಅಷ್ಟು ಹತ್ತಿರ ಹೋಗಿ ಹಾಗೇ ತಿರುಗಿ ಬರುವುದನ್ನು ನೆನೆಸಿಕೊಂಡು ಹೊರಡುವ ಬೆಳಿಗ್ಗೆ ನನಗೆ ಅಳು ಬಂತು. ಅತ್ತೆ ನೋಡಿಯೂ ನೋಡದವರಂತೆ ಅನ್ನಕ್ಕೆ ಕಿವಿ ಹಚ್ಚಿದರು. ಆ ದಿನ ಬೇರೆ ದಿನಗಳಿಗಿಂತ ಹೆಚ್ಚು ಹೊತ್ತು ಕೇಳಿದರು. "ಮಡಿಕೇರಿ ಚಳಿಯಿಂದ ಇಳಿದು ಬಿಸಿಲಿಗೆ ಹೋಗುವ ಅನ್ನ. ಸ್ವಲ್ಪ ಜಾಸ್ತಿ ಆರ್ಲಿ" ಎಂದು ವಿವರಣೆಯನ್ನೂ ಕೊಟ್ಟರು.

ಮಡಿಕೇರಿಯವರೆಗೆ ಗಾಡಿ, ಅಲ್ಲಿಂದ ಮೋಟಾರು ಬಸ್ಸು. ಆ ಬಸ್ಸಿನ ಕತೆ ಏನೆಂದು ಹೇಳಲಿ! ಬುತ್ತಿಯ ಮೇಲೆ ಬಿಸಿಲು ಬೀಳಬಾರದು. ರಸ್ತೆಯೋ ಬರೀ ತಿರುವು. ಒಂದು ತಿರುವಿನಲ್ಲಿ ಬಿಸಿಲು ಬಲಕ್ಕೆ, ಮುಂದಿನದರಲ್ಲಿ ಎಡಕ್ಕೆ. ತಿರುವಿಗೊಂದು ಸಲ ಅತ್ತೆ ಗಂಟು ಅವಚಿಕೊಂಡು ಎದ್ದು ಆಚೆ ಬದಿಯವರನ್ನು ಈಚೆಗೆ, ಈಚೆಯವರನ್ನು ಆಚೆಗೆ ಎಬ್ಬಿಸಿ ಕೂರಿಸಿದರು. ಮೀನು ವ್ಯಾಪಾರಿಯೊಬ್ಬ ಬುಟ್ಟಿ ಸಮೇತ ಮೂರು ಸೀಟು ಬದಲಾಯಿಸಿದ. ಮಲಯಾಳಿ ಡ್ರೈವರನಿಗೆ ಅತ್ತೆಯ ಪರಿಚಯ ಮೊದಲಿನಿಂದಲೂ ಇತ್ತು, ಅವರ ಕೈಯ ಮಿಡಿ ಉಪ್ಪಿನಕಾಯಿ ತಿಂದವನು. ಹಿಂತಿರುಗಿ, "ಎಂತಮ್ಮಾ ಇದು! ಚೋರು ಕೂತ್ಕೊಳ್ಳಲಿ, ಜನ ಇಳಿದು ನಡೀಲಾ?" ಎಂದು ಕೇಳಿದ. ಚೋರು ಎಂದರೆ ಅವನ ಭಾಷೆಯಲ್ಲಿ ಅನ್ನ.

"ನೀನು ಬಿಸಿಲಿಲ್ಲದ ಕಡೆ ಬಸ್ಸು ಬಿಡು, ನಾನು ಸುಮ್ಮನೆ ಕೂರ್ತೇನೆ!" ಎಂದರು ಅತ್ತೆ.

ಬಸ್ಸೆಲ್ಲ ನಕ್ಕಿತು. ನನಗೂ ತಡೆಯಲಾಗಲಿಲ್ಲ.

ಹೊಳೆದಂಡೆಗೆ ಹೋಗಿ ನೋಡುತ್ತೇನೆ, ಮತ್ತಿಮರದ ನೆರಳಲ್ಲಿ ಎತ್ತಿನ ಗಾಡಿ! ಗಾಡಿಯ ಪಕ್ಕದಲ್ಲಿ ನನ್ನವ್ವ! ನಾನು ಹೊಟ್ಟೆ ಹಿಡಿದುಕೊಂಡೇ ಓಡಿದೆ. "ಏನವ್ವ, ಹಿಂಗ್ ಸೊರಗಿದೀಯ" ಎಂದು ಅವ್ವ ನನ್ನ ಮುಖ ಸವರಿದಳು. ಅದೇ ಡ್ರೈವರನ ಬಾಯಲ್ಲಿ ಅತ್ತೆ ಸುದ್ದಿ ಕಳಿಸಿದ್ದು, ಅದು ಕುಶಾಲನಗರದ ಸಂತೆಗೆ ಬಂದ ನಮ್ಮೂರವರ ಕಿವಿಗೆ ಬಿದ್ದು ಅವ್ವನಿಗೆ ಮುಟ್ಟಿದ್ದು, ಎಲ್ಲ ಆಗ ತಿಳಿಯಿತು.

"ಮಾವನ ಆಣೆ?" ಎಂದೆ ಹೆದರಿ.

"ಆಣೆ ಇಟ್ಟದ್ದು ಮನೆಗೆ. ಹೊಳೆ ಯಾರ ಮನೆ?" ಎಂದರು ಅತ್ತೆ.

ಅವ್ವನೂ ಬುತ್ತಿ ತಂದಿದ್ದಳು, ರಾಗಿರೊಟ್ಟಿ, ಹುಚ್ಚೆಳ್ಳಿನ ಪುಡಿ. ಇಬ್ಬರು ಬೀಗಿತ್ತಿಯರು ಎದುರುಬದುರು ಗಂಟು ಬಿಚ್ಚಿದರು. ಅತ್ತೆ ಅವ್ವನ ರೊಟ್ಟಿಯನ್ನು ಮೂಸಿದರು, ಮುರಿದರು, ಮುರಿದ ಸದ್ದನ್ನೂ ಕೇಳಿದರು! ಕೊನೆಗೆ, "ನಾಳೆ ಸಂಜೆವರೆಗೂ ಎಂತ ಆಗೂದಿಲ್ಲೆ" ಎಂದು ತೀರ್ಪು ಕೊಟ್ಟರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಅತ್ತೆಯ ಅನ್ನ ಆ ಬಿಸಿಲಿಗೂ ಉದುರುದುರಾಗಿ, ಕಾಚಂಪುಳಿಯನ್ನು ಚೆನ್ನಾಗಿ ಹೀರಿಕೊಂಡು, ಬೆಳಿಗ್ಗೆಗಿಂತ ರುಚಿಯಾಗಿತ್ತು. ಅವ್ವನ ತೊಡೆಗೆ ಒರಗಿಕೊಂಡು ಎಷ್ಟು ಉಂಡೆನೋ! ಆದರೆ ಪ್ರತಿ ತುತ್ತಿಗೂ ನೆರಳು ಸ್ವಲ್ಪ ಸರಿಯುತ್ತಿತ್ತು, ಹಿಂತಿರುಗುವ ಬಸ್ಸು ಹತ್ತಿರವಾಗುತ್ತಿತ್ತು.

ಬಸ್ಸಿನ ಹಾರ್ನ್ ಕೇಳಿತು. ನಾನು ಕಣ್ಣೊರೆಸಿಕೊಂಡು ಎದ್ದು ಸೋರೆಬುರುಡೆ ಕೈಗೆತ್ತಿಕೊಂಡೆ.

"ನೀನೆಲ್ಲಿಗೆ? ಗಾಡಿ ಹತ್ತು" ಎಂದರು ಅತ್ತೆ.

ಅವ್ವ ಗಾಬರಿಯಾದಳು. "ಬೀಗರು ಒಪ್ಪವ್ರಾ?"

"ಇಲ್ಲೆ."

"ಮತ್ತೆ ಹೆಂಗೆ?"

"ಬುತ್ತಿ ಹಳಸಿತು. ಬಸುರಿಗೆ ವಾಂತಿ ಹಿಡೀತು, ಆ ತಿರುವಿನ ರಸ್ತೆಯಲ್ಲಿ ಬಸ್ಸಿನಲ್ಲಿ ತರೋಕಾಗ್ಲಿಲ್ಲ. ಪುಣ್ಯಕ್ಕೆ ನೀವು ಹೊಳೆಗೆ ಬಂದಿದ್ರಿ, ಗಾಡೀಲಿ ಮಲಗಿಸ್ಕೊಂಡ್ ಹೋದ್ರಿ. ಹೆರಿಗೆವರೆಗೆ ಅಲುಗಾಡಿಸ್ಬಾರ್ದು ಅಂತ ಸೂಲಗಿತ್ತಿ ಹೇಳ್ತಾಳೆ, ನೀವು ಹೇಳಿಸ್ಬೇಕು."

"ಅತ್ತೇ, ಬುತ್ತಿ ಹಳಸಿಲ್ಲವಲ್ಲ!" ಎಂದೆ.

"ನಿನ್ನ ಮಾವನ ಹತ್ರ ಬೇರೆ ಎಂತ ಹೇಳಿದ್ರೂ ನಂಬೂದಿಲ್ಲೆ. ನನ್ನ ಬುತ್ತಿ ಹಳಸಿತು ಅಂತ ನಾನೇ ಹೇಳಿದ್ರೆ ನಂಬ್ತಾರೆ."

ನಿಜ. ಆ ಮಾತು ಆ ಬಾಯಿಂದ ಬಂದರೆ ಸುಳ್ಳೆಂದು ಯಾರು ತಾನೇ ಅನುಮಾನಿಸಿಯಾರು! ಒಂದು ಅಗುಳು ಕೆಳಗೆ ಬಿದ್ದರೆ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಅತ್ತೆ, ಉಳಿದಿದ್ದ ಅನ್ನದ ಗಂಟನ್ನು ಹೊಳೆಯ ಅಂಚಿಗೆ ಒಯ್ದು ಬಿಚ್ಚಿ ಮೀನಿಗೆ ಸುರಿದರು. ಹಳಸಿದ ಬುತ್ತಿಯನ್ನು ಮನೆಗೆ ಯಾರು ಹೊತ್ತು ತರುತ್ತಾರೆ? ಎಲೆ ಜಾಡಿಸಿ, ಕೈ ತೊಳೆದು, ನನ್ನ ಹೊಟ್ಟೆಯ ಮೇಲೆ ಒದ್ದೆ ಕೈಯನ್ನು ಒಂದು ಗಳಿಗೆ ಇಟ್ಟರು. ಒಬ್ಬರೇ ಬಸ್ಸು ಹತ್ತಿದರು. ಈ ಸಲ ಬಿಸಿಲಿನ ಬದಿಗೇ ಕೂತರು.

ಹೆರಿಗೆ ಸಲೀಸಾಗಿ ಆಯಿತು ಅಂತ ಹೇಳಲಾರೆ. ಒಂದು ಹಗಲು ಒಂದು ರಾತ್ರಿ ಅವ್ವ ನನ್ನ ಕೈ ಬಿಡಲಿಲ್ಲ, ಅದಕ್ಕೇ ನಾನೂ ಮಗಳೂ ಉಳಿದೆವು. ಮೊಮ್ಮಗಳ ಸುದ್ದಿ ಕೇಳಿ ಮಾವ ತಾವೇ ಗಾಡಿ ಕಟ್ಟಿಸಿಕೊಂಡು ಬಂದರು. ಅಪ್ಪ ಅವರ ಎಲೆಗೆ ಅನ್ನಕ್ಕಿಂತ ಮೊದಲು ಉಪ್ಪಿನಕಾಯಿ ಬಡಿಸಿದರು, ಜಗಳ ಮುಗಿಯಿತು.

ಆದರೆ ಅತ್ತೆಯ ಬುತ್ತಿ ಹಳಸಿತೆಂಬ ಸುದ್ದಿ ಊರಿನಲ್ಲಿ ಹಬ್ಬಿಯಾಗಿತ್ತು. ಮರುವರ್ಷದ ಬೇಸಿಗೆಯಲ್ಲಿ ಭಾಗಮಂಡಲಕ್ಕೆ ಗಾಡಿ ಹೊರಟಾಗ ನಮ್ಮ ಜಗಲಿಗೆ ಯಾರೂ ಬಾಳೆಲೆ ಹಿಡಿದು ಬರಲಿಲ್ಲ. ಅವರವರ ಬುತ್ತಿ ಅವರವರ ಮಡಿಲಲ್ಲಿತ್ತು. ಮಧ್ಯಾಹ್ನ ಗಾಡಿ ನಿಲ್ಲಿಸಿ ಎಲ್ಲರೂ ಉಣ್ಣಲು ಕೂತಾಗ ಒಬ್ಬಾಕೆ ಮರುಕದಿಂದಲೇ ಅಂದಳು: "ವಯಸ್ಸಾತಲ್ಲ ಅಕ್ಕ, ಕಿವಿ ಮಂದ ಆಗಿರ್ಬೇಕು."

"ಆಗಿರ್ಬೇಕು" ಎಂದರು ಅತ್ತೆ.

ನನಗೆ ಮೈ ಉರಿದುಹೋಯಿತು. ಹೇಳಿಯೇಬಿಡುತ್ತೇನೆಂದು ಬಾಯಿ ತೆರೆದೆ. ಅತ್ತೆ ಅಷ್ಟು ದೊಡ್ಡ ಅನ್ನದ ಉಂಡೆಯನ್ನು ತೆರೆದ ಬಾಯಿಗೆ ತುರುಕಿದರು! ಆಮೇಲೆ ಕಿವಿಯ ಹತ್ತಿರ ಬಾಗಿ, "ಮೋಸ ಹೋದೆ ಅಂತ ಗೊತ್ತಾದ್ರೆ ಮಾವ ಇನ್ನೊಂದು ಆಣೆ ಇಡ್ತಾರೆ. ಸುಮ್ಮನೆ ಉಣ್ಣು" ಎಂದರು. ಮಡಿಲಲ್ಲಿದ್ದ ಮೊಮ್ಮಗಳಿಗೂ ಬೆರಳ ತುದಿಯಲ್ಲಿ ಎರಡು ಅಗುಳು ನೆಕ್ಕಿಸಿದರು. ಅವರು ಕಟ್ಟಿದ್ದನ್ನು ಆ ದಿನ ಉಂಡವರು ನಾವು ಮೂವರೇ.

ಸಾಯುವವರೆಗೂ ಅತ್ತೆ ಆ ಕೆಟ್ಟ ಹೆಸರನ್ನು ಹಾಗೇ ಹೊತ್ತುಕೊಂಡಿದ್ದರು. ಮಾವನೂ ಹೋದರು, ಇನ್ನು ಆಣೆಯಿಡುವವರು ಯಾರೂ ಇಲ್ಲ. ಗಾಳಿಬೀಡಿನವರೇ, ಕೇಳಿ. ಆ ದಿನ ನಮ್ಮತ್ತೆಯ ಬುತ್ತಿ ಹಳಸಿರಲಿಲ್ಲ.