ಒಂದಕ್ಕೆ ಹತ್ತರ ಮಹಾಸಮರ

ಗಾಜಿನ ಕೊಳವೆಗಳ ಕಂಠದಲ್ಲಿ ಹನಿಹನಿಯಾಗಿ ನೆಲೆಸಿರುವ ಅಳತೆಯ ಅಧಿದೇವತೆಯೇ, ನನ್ನ ನಾಲಗೆಗೆ ಇಳಿದು ಬಾ. ಪ್ರಾಯೋಗಿಕ ಪರೀಕ್ಷೆಗಳು ಭೂಮಂಡಲವನ್ನು ನಡುಗಿಸುತ್ತಿದ್ದ ಆ ಚೈತ್ರಮಾಸದಲ್ಲಿ, ಗದುಗಿನ ಒಂದು ಕಾಲೇಜಿನ ರಸಾಯನಶಾಲೆಯಲ್ಲಿ, ಆಮ್ಲಧೂಮಧೂಸರಿತಶ್ಮಶ್ರುವಾದ ಅಟೆಂಡರ್ ಫಕೀರಪ್ಪ ಹೂಗಾರನಿಗೂ ನವನಿಯುಕ್ತ ಉಪನ್ಯಾಸಕಿ ನಂದಾ ಹೊಸಮನಿಗೂ ನಡೆದ ಘೋರಸಂಗ್ರಾಮವನ್ನು ಹೇಳುವೆನು.

ಇಪ್ಪತ್ತೊಂಬತ್ತು ಸಂವತ್ಸರಗಳಲ್ಲಿ ಫಕೀರಪ್ಪನ ಕೈಯಿಂದ ಹೊರಟ ಒಂದು ದ್ರಾವಣವಾದರೂ ಸಿಂಕಿನ ಪಾಲಾಗಿರಲಿಲ್ಲ. ಅದೇ ಅವನ ಕಿರೀಟ, ಅದೇ ಅವನ ಕವಚ. ಪರೀಕ್ಷೆಯ ದಿನಗಳಲ್ಲಿ, ಪರೀಕ್ಷಕರೂ ತಾನೂ ಸೇರಿದಂತೆ ಹನ್ನೊಂದು ಮಂದಿಗೆ ಮಜ್ಜಿಗೆ ಕಡೆಯುವವನೂ ಅವನೇ. ಒಂದು ಲೋಟ ಗಟ್ಟಿ ಮೊಸರಿಗೆ ಹತ್ತು ಲೋಟ ನೀರು. ಒಂದಕ್ಕೆ ಹತ್ತು ಎಂದರೆ ಅವನಿಗೆ ಅದೇ ವೇದ.

ಹಿಂದಿನ ಉಪನ್ಯಾಸಕರು ಚೀಟಿಯಲ್ಲಿ ಮಿಲಿಲೀಟರುಗಳನ್ನೇ ಬರೆದುಕೊಡುತ್ತಿದ್ದರು. ನಂದಾ ‘ಆಮ್ಲ, ೧:೧೦’ ಎಂದಷ್ಟೇ ಬರೆದಿದ್ದಳು. ವೀರನು ಮಜ್ಜಿಗೆಯ ಧರ್ಮದಂತೆ ಸಾವಿರ ಮಿಲಿಲೀಟರ್ ನೀರನ್ನು ಅಳೆದು, ಕಪಾಟಿನಲ್ಲಿ ಉಳಿದಿದ್ದ ನೂರು ಮಿಲಿಲೀಟರ್ ಆಮ್ಲವನ್ನು ಕೊನೆಯ ಹನಿಯವರೆಗೂ ಅದಕ್ಕೆ ಬೆರೆಸಿದನು. ಆಗಲೇ ಸೂಕ್ಷ್ಮದೃಷ್ಟಿಶರಾಭಿರಾಮೆಯಾದ ನಂದಾ ರಣಾಂಗಣವನ್ನು ಹೊಕ್ಕು ಬಾಟಲಿಯ ಮಟ್ಟವನ್ನು ಕಂಡಳು.

“ಫಕೀರಪ್ಪಾರ, ೧:೧೦ ಅಂದ್ರ ಹತ್ತರೊಳಗ ಒಂದು. ನೂರು ಆಮ್ಲ ಹಾಕಿ, ನೀರು ಬಿಡ್ತಾ ಸಾವಿರದ ಗೆರಿಗೆ ನಿಲ್ಲಿಸ್ಬೇಕಿತ್ತು. ಈಗ ಸಾವಿರದ ನೂರಾಗೇತಿ, ತೆಳ್ಳಗಾತು. ಚೆಲ್ರಿ ಅದನ್ನ.”

ಚೆಲ್ರಿ ಎಂಬ ಆ ಕ್ರೂರಬಾಣವು ಇಪ್ಪತ್ತೊಂಬತ್ತು ವರ್ಷಗಳ ಕವಚವನ್ನು ಭೇದಿಸಿತು. ಫಕೀರಪ್ಪ ತಾನು ಬೆಳಗಿದ ಪಿಪೆಟ್‌ಗಳನ್ನೂ, ತಾನು ದಾಟಿಸಿದ ಆರು ಪ್ರಿನ್ಸಿಪಾಲರನ್ನೂ ಹೆಸರು ಹಿಡಿದು ಸ್ಮರಿಸಿದನು. ಬಳಿಕ ಗರ್ಜಿಸಿದನು: “ಮೇಡಮ್ಮಾರ, ನೀವು ಹುಟ್ಟೋಕಿಂತ ಮೊದ್ಲ ಈ ಕೈ ಆಮ್ಲ ಅಳದೈತಿ. ಬ್ಯುರೆಟ್ಟ ಹೇಳ್ಲಿ. ಹತ್ತಕ್ಕ ಬಣ್ಣ ಹೋಗ್ಲಿಲ್ಲಂದ್ರ ನಾನ ಚೆಲ್ತೀನಿ.”

ದ್ವಂದ್ವಯುದ್ಧ ಸಿದ್ಧವಾಯಿತು. ಕೆಳಗೆ ೦.೧ ಪ್ರಬಲತೆಯ ಹತ್ತು ಮಿಲಿಲೀಟರ್ ಕ್ಷಾರ, ಸೂಚಕದ ಎರಡು ಹನಿಗೆ ಸಂಧ್ಯಾಗಗನದಂತೆ ಕೆಂಪೇರಿ ನಿಂತಿತ್ತು. ಮೇಲೆ ಬ್ಯುರೆಟ್ಟೆಂಬ ಗೆರೆಗಳ ಗಾಜುಗೊಳವೆಯಲ್ಲಿ ಫಕೀರಪ್ಪನ ಆಮ್ಲ. ಅದು ಸರಿಯಾಗಿದ್ದರೆ ಹತ್ತರ ಗೆರೆಯಲ್ಲಿ ಗುಲಾಬಿ ಅಳಿಯಬೇಕು. ಎಂಟಾಯಿತು. ಒಂಬತ್ತಾಯಿತು. ಹತ್ತರಲ್ಲಿ ಗುಲಾಬಿ ನಗುತ್ತಲೇ ಇತ್ತು. ಹನ್ನೊಂದರಲ್ಲಿ, ಒಂದೇ ಹನಿಗೆ, ಅಳಿಯಿತು.

ವೀರನು ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಸಿಂಕಿನತ್ತ ನಡೆದನು. ಚೆಲ್ಲಿದರೆ ಬೇರೆ ಆಮ್ಲವಿಲ್ಲ, ಪರೀಕ್ಷೆಯೂ ಇಲ್ಲ ಎಂಬುದು ನಂದಾಳಿಗೆ ಆಗ ಹೊಳೆದು ಅವಳ ಮುಖವೂ ಬಿಳುಪೇರಿತು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ ಬಾಹ್ಯ ಪರೀಕ್ಷಕ ಮುಧೋಳರು ಕನ್ನಡಕ ಒರೆಸಿಕೊಂಡರು. ಇಂದು ವಿದ್ಯಾರ್ಥಿಗಳು ಕಂಡುಹಿಡಿಯಬೇಕಾದ್ದು ಏನೆಂದು ಕೇಳಿದರು. ಇದೇ ಆಮ್ಲದ ಪ್ರಬಲತೆ ಎಂದಳು ನಂದಾ.

“ಮತ್ಯಾಕ ಚೆಲ್ತೀರಿ? ಹುಡುಗರು ಅಳದ ಹೇಳ್ತಾರ. ಉತ್ತರದ ಚೀಟಿಯೊಳಗ ೦.೧ ಹೊಡದು ೦.೦೯೧ ಬರೀರಿ, ಮುಗೀತು.”

ಅಕ್ಷೌಹಿಣಿಗಳು ಅಳಿಯಬೇಕಿದ್ದ ಯುದ್ಧವು ಪೆನ್ನಿನ ಒಂದು ಗೀಟಿಗೆ ಮುಗಿಯಿತು.

ಆದರೆ ಫಕೀರಪ್ಪ ಕಲಿತದ್ದನ್ನು ಬಿಡುವವನಲ್ಲ. ಮಧ್ಯಾಹ್ನದ ಮಜ್ಜಿಗೆಯನ್ನು ಹೊಸ ಶಾಸ್ತ್ರದಂತೆ ಮಾಡಿದನು: ಒಂದು ಲೋಟ ಮೊಸರು, ಒಂಬತ್ತು ಲೋಟ ನೀರು, ಒಟ್ಟು ಹತ್ತು. ತನ್ನದನ್ನೂ ಸೇರಿಸಿ ಹತ್ತು ಲೋಟ ತುಂಬಿದನು. ಹನ್ನೊಂದನೆಯ ಖಾಲಿ ಲೋಟವನ್ನು ಬಹು ವಿನಯದಿಂದ ನಂದಾಳ ಮುಂದಿಟ್ಟನು.

“ನಿಮ್ಮ ಲೆಕ್ಕಕ್ಕ ಇಷ್ಟ ಆತ್ರಿ, ಮೇಡಮ್ಮಾರ. ಆದ್ರ ಗಟ್ಟಿ ಆಗೇತಿ ಅಂತಾರ ಎಲ್ಲಾರೂ.”