ತಡವಾಗಿ ಬಂದ ಹೂಂ

ಯಾರಾದರೂ ಏನಾದರೂ ಕೇಳಿದರೆ ನನಗೆ ಉತ್ತರ ಹೊಳೆಯುವುದಿಲ್ಲವೆಂದಲ್ಲ. ಹೊಳೆಯುತ್ತದೆ, ಕೇಳಿದವರು ಎದ್ದು ಹೋದ ಮೇಲೆ. “ಚಹಾ ಇಡ್ಲೇನ್ರಿ?” ಎಂದು ಹೆಂಡತಿ ಶಾರದಾ ಕೇಳುತ್ತಾಳೆ. ಈಗ ಚಹಾ ಕುಡಿದರೆ ಊಟ ಸೇರೀತೇ, ಹೊರಗೆ ಮೋಡ ಕಟ್ಟಿದೆಯಲ್ಲ, ಇಂಥ ಮೋಡ ನೋಡಿ ಎಷ್ಟು ದಿನವಾಯಿತು ಎಂದುಕೊಳ್ಳುತ್ತ ನಾನು ಎಲ್ಲೋ ತೇಲಿಹೋಗಿರುತ್ತೇನೆ. ತಿರುಗಿ ಬಂದು “ಹೂಂ” ಅನ್ನುವ ಹೊತ್ತಿಗೆ ಅವಳು ತನ್ನ ಪಾಲಿನ ಚಹಾ ಕುಡಿದು ಕಪ್ಪು ತೊಳೆದಿಟ್ಟಿರುತ್ತಾಳೆ. ನಿಧಾನವೇ ಪ್ರಧಾನ ಎಂದು ಹಿರಿಯರು ಹೇಳಿದ್ದಾರೆ. ಅದಕ್ಕೆ ಅವರ ಹೆಂಡಂದಿರು ಏನೆಂದರೋ ಯಾರೂ ಬರೆದಿಟ್ಟಿಲ್ಲ.

ಇಂಥವನಿಗೂ ಭೂಮಿಯ ಮೇಲೆ ಒಂದು ಜಾಗವಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ಪುಕ್ಕಟೆ ತಂತ್ರಾಂಶವೊಂದನ್ನು ನಾವೊಂದಿಷ್ಟು ಜನ ಬಿಡುವಿನಲ್ಲಿ ಸೇರಿ ಕಟ್ಟುತ್ತೇವೆ. ಸಂಬಳವಿಲ್ಲ, ಯಜಮಾನನಿಲ್ಲ, ಯಾರು ಬೇಕಾದರೂ ಅದರ ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ನಮ್ಮ ಮಾತುಕತೆಯೆಲ್ಲ ಮೇಲಿಂಗ್ ಲಿಸ್ಟಿನಲ್ಲಿ. ಒಬ್ಬರು ಬರೆದ ಇಮೇಲು ಎಲ್ಲರಿಗೂ ಹೋಗುತ್ತದೆ. ಪುರುಸೊತ್ತಾದವರು ಪುರುಸೊತ್ತಾದಾಗ, ಕೇಳಿದವರ ಸಾಲನ್ನು ಮೇಲಿಟ್ಟು ಅದರ ಕೆಳಗೇ ಉತ್ತರ ಬರೆಯುತ್ತಾರೆ. ಸೋಮವಾರದ ಪ್ರಶ್ನೆಗೆ ಶುಕ್ರವಾರ ಉತ್ತರಿಸಿದರೆ “ಇಷ್ಟು ಬೇಗ ಬರೆದಿರಲ್ಲ” ಎಂದು ಉಪಕಾರ ನೆನೆಯುವ ಜನ. ಪುಣೆಯ ಹಿಂಜವಾಡಿಗೆ ಹೋಗುವ ಕಂಪನಿ ಬಸ್ಸು ನಿಂತಲ್ಲೇ ನಿಂತಿರುವಾಗ ಕಿಟಕಿಗೆ ತಲೆಯಾನಿಸಿ, ದೂರದ ಗುಡ್ಡಕ್ಕೆ ಮಂಜು ಇಳಿಯುವುದನ್ನು ನೋಡುತ್ತ, ಅರ್ಕಾವೊತ್ತು ಯಾವ ಕೀಲಿಯಲ್ಲಿರಬೇಕೆಂಬ ಇಮೇಲನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೆ. ಅಂಥ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆಫೀಸು ಬರುವುದು ಬೇಡವೆನಿಸುತ್ತಿತ್ತು.

ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಬೆಂಗಳೂರಿನಿಂದ ಪುಣೆಗೆ ಬಂದ ಮೇಘನಾ. ಲಿಸ್ಟಿನ ಬೀಗದ ಕೈ ಅವಳ ಹತ್ತಿರ. “ಸರ್, ಮೇಲ್ ಎಲ್ಲಾ ಈಗ ಯಾರು ಓದ್ತಾರೆ? ಹೊಸಬ್ರು ಬರೋದೇ ಇಲ್ಲ. ಲೈವ್ ಚಾಟ್‌ಗೆ ಶಿಫ್ಟ್ ಆಗೋಣ” ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಚಾಟಿನಲ್ಲಿ ಹೊಸಬರು ಕೇಳಿದ್ದಕ್ಕೆ ಕೇಳಿದಲ್ಲೇ ಪರಿಹಾರ ಸಿಗುತ್ತದೆ. ಆದರೆ ನನ್ನಂಥವರು ಎಲ್ಲಿಗೆ ಹೋಗಬೇಕು? ಶನಿವಾರ ಬೆಳಿಗ್ಗೆ ಎಲ್ಲರೂ ಚಾಟಿನಲ್ಲೇ ಕೂಡಿ ತೀರ್ಮಾನಿಸುವುದೆಂದಾಯಿತು.

ಅಂದು ಹಳೆಯ ಸದಸ್ಯ ಪಾಟೀಲರು ಬರೆದರು: “ಚಾಟ್ ಇರಲಿ, ಲಿಸ್ಟೂ ಇರಲಿ. ನಿಧಾನದವರಿಗೆ ಅದೇ ಆಸರೆ.” ನನ್ನ ಕಣ್ಣು ತುಂಬಿತು. ‘ಸಹಮತ’ ಎನ್ನಲೋ ‘ಒಪ್ಪಿಗೆ’ ಎನ್ನಲೋ ಎಂದು ಯೋಚಿಸಿದೆ. ಕಿಟಕಿಯಾಚೆ ಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು, ಅದನ್ನಷ್ಟು ಹೊತ್ತು ನೋಡಿದೆ. ಕೊನೆಗೆ “ನನ್ನ ಹೃತ್ಪೂರ್ವಕ ಒಪ್ಪಿಗೆಯಿದೆ” ಎಂದು ಬರೆದು ಕಳಿಸಿದೆ. ಅಷ್ಟರಲ್ಲಿ ಮಾತು ಬಹಳ ಮುಂದೆ ಹೋಗಿ, ಮೇಘನಾ ಕೇಳಿದ್ದಳು: “ಎರಡೆರಡು ಕಷ್ಟ. ಲಿಸ್ಟ್ ಕ್ಲೋಸ್ ಮಾಡ್ಬಿಡೋಣ್ವಾ? ಹಳಬರು ಯಾರಾದ್ರೂ ಹೇಳಿ.” ನನ್ನ ಹೃತ್ಪೂರ್ವಕ ಒಪ್ಪಿಗೆ ಹೋಗಿ ಅದರ ಕೆಳಗೇ ಕುಳಿತಿತು.

ಹೆಬ್ಬೆರಳಿನ ಚಿತ್ರಗಳ ಮಳೆಯೇ ಸುರಿಯಿತು. “ನೀವೇ ಹೀಗಂದ ಮೇಲೆ ನನ್ನದೇನಿದೆ” ಎಂದು ಪಾಟೀಲರು ಸುಮ್ಮನಾದರು. ಗಾಬರಿಯಲ್ಲಿ ನಾನು “ಹಾಗಲ್ಲ, ಹಾಗಲ್ಲ” ಎಂದು ಒತ್ತಿದೆ. ಅದು ಹೋಗಿ ತಲುಪುವ ಹೊತ್ತಿಗೆ ಇನ್ನೊಬ್ಬರು “ನಾವು ಆತುರ ಮಾಡ್ತಿದ್ದೀವಾ?” ಎಂದು ಕೇಳಿಯಾಗಿತ್ತು. ಮೇಘನಾ ಆಗಲೇ ಲಿಸ್ಟಿಗೆ ಬೀಗ ಜಡಿದಳು, ಅಲ್ಲಿಗೆ ಅದರ ಕಥೆ ಮುಗಿಯಿತು. ಮಧ್ಯಾಹ್ನವೆಲ್ಲ ಕೂತು, ನಡೆದದ್ದನ್ನು ವಿವರಿಸಿ ಲಿಸ್ಟಿಗೇ ಒಂದು ಸೊಗಸಾದ ಇಮೇಲು ಬರೆದೆ. ಈ ವಿಳಾಸ ಈಗ ಇಲ್ಲವೆಂದು ಅದು ಬಂದ ದಾರಿಯಲ್ಲೇ ವಾಪಸಾಯಿತು. ನನಗೆ ನಿಜವಾಗಿ ದುಃಖವಾಯಿತು.

ಮೆಂತೆಪಲ್ಲೆಯ ಎಲೆ ಬಿಡಿಸಿ ಸೋಸುತ್ತ ಕೂತಿದ್ದ ಶಾರದಾಳ ಮುಂದೆ ಎಲ್ಲ ಹೇಳಿಕೊಂಡೆ. ಅವಳು ತಲೆಯೆತ್ತದೆಯೇ ಅಂದಳು: “ಅವ್ರದೇನ್ ತಪ್ಪರೀ? ನಿಮ್ಮ ಹೂಂ ಯಾವ ಮಾತಿಗಿ ಅಂದದ್ದಂತ ನಾ ಇಷ್ಟ್ ವರ್ಷ ಹುಡುಕಿ ಹುಡುಕಿ ಹಚ್ಚಿಕೋತ ಬಂದೀನಿ. ಪಾಪ, ಆ ಹುಡುಗಿಗೆ ಹೆಂಗ ತಿಳೀಬೇಕು?”

ನನ್ನ ಒಂದೊಂದು ಉತ್ತರವನ್ನೂ ಅದರ ಪ್ರಶ್ನೆಯ ಕೆಳಗೆ ಜೋಡಿಸಿಟ್ಟುಕೊಳ್ಳುವ ಜೀವ ಮನೆಯಲ್ಲೇ ಇರುವಾಗ ನಾನು ಯಾವ ಲಿಸ್ಟಿಗಾಗಿ ಅಳುತ್ತಿದ್ದೆ! ಇದಕ್ಕೆ ತಕ್ಕ ಮಾತು ಹುಡುಕಬೇಕೆನಿಸಿತು. ಸಂಜೆಯ ಬಿಸಿಲು ಮೆಂತೆಯ ಎಲೆಗಳ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅವಳು ಏನೋ ಮಾತಾಡುತ್ತಲೇ ಇದ್ದಳು, ದನಿ ಇಂಪಾಗಿತ್ತು. ಕೊನೆಗೆ ಮಾತು ಸಿಕ್ಕಿತು.

“ಇದಕ್ಕಿಂತ ಭಾಗ್ಯ ಇನ್ನೇನ್ ಅದ, ಶಾರದಾ!”

“ಖರೇನ?” ಎಂದು ಅವಳ ಮುಖ ಅರಳಿತು. “ಹಂಗಾರ ರಘುಗ ಈಗ ಫೋನ್ ಮಾಡ್ತೀನಿ.”

ರಘು ಅವಳ ತಮ್ಮ. ಇದೇ ಊರಿನ ಕೊಂಢವಾದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ, ಹೊಸದಾಗಿ ತಬಲಾ ಕಲಿಯುತ್ತಿದ್ದಾನೆ. ಅವನ ಪಕ್ಕದ ಫ್ಲ್ಯಾಟಿನವರು ಜಗಳ ತೆಗೆದದ್ದರಿಂದ, ದಿನಾ ಸಂಜೆ ನಮ್ಮ ಮನೆಗೆ ಬಂದು ಅಭ್ಯಾಸ ಮಾಡಲೇ ಎಂದು ಕೇಳಿದ್ದನಂತೆ. ಇಷ್ಟು ವರ್ಷ ನನ್ನ ಉತ್ತರಗಳನ್ನು ಸರಿಯಾದ ಪ್ರಶ್ನೆಗೇ ಹಚ್ಚುತ್ತ ಬಂದವಳು ಈ ಒಂದು ಸಲ ಮಾತ್ರ ಹೇಗೆ ತಪ್ಪಿದಳೋ ನನಗೆ ತಿಳಿಯದು.

ಇದನ್ನು ಬರೆಯುತ್ತಿರುವಾಗ ಹಾಲ್‌ನಲ್ಲಿ ತಬಲಾ ನಡೆದಿದೆ. ಆಗಲೇ ರಘು ಕೈ ತಡೆದು, “ಮಾಮಾ, ನಿಮಗ ತ್ರಾಸ ಏನೂ ಇಲ್ಲಲ್ರೀ?” ಎಂದು ಕೇಳಿದ್ದ. ಅವನಿಗೇನು ಹೇಳಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ.