ಮಡಿ ಸೀಸೆಯ ಆರ್ಕಿಡ್

"ಈ ಸೀಸೆಗಳನ್ನು ಇನ್ನು ಬ್ರಹ್ಮನೂ ಮುಟ್ಟಲಾರ!" ಎಂದು ಪ್ರಾಣೇಶ ಹೆಂಡತಿ ವಸುಮತಿಯ ಮುಂದೆ ಘೋಷಿಸಿದ. ಮುಟ್ಟಲಾರದವರಲ್ಲಿ ತಾನೂ ಒಬ್ಬನೆಂಬುದು ಆ ಸಸ್ಯವಿಜ್ಞಾನಿಗೆ ಆಗ ಹೊಳೆದಿರಲಿಲ್ಲ.

ಹಿಮಾಲಯದ ಅಪರೂಪದ ಆರ್ಕಿಡ್ ಒಂದರ ದೂಳಿನಂಥ ಬೀಜಗಳನ್ನು ಅವನು ಗಾಜಿನ ಸೀಸೆಗಳಲ್ಲಿ, ಸಕ್ಕರೆ ಎಳನೀರು ಬೆರೆಸಿದ ಲೋಳೆಯ ಮೇಲೆ ಮೊಳೆಯಿಸಿ ಸಾಕುತ್ತಿದ್ದ. ಕಣ್ಣಿಗೆ ಕಾಣದ ಒಂದು ಕ್ರಿಮಿ ಒಳಹೊಕ್ಕರೂ ಬೂಷ್ಟು. ಬೂಷ್ಟು ಬಂದರೆ ವಂಶನಾಶ! ಅದಾಗಲೇ ಬಹುಪಾಲು ಸೀಸೆಗಳು ಬೂಷ್ಟಿಗೆ ಬಲಿಯಾಗಿ, ಉಳಿದದ್ದು ಒಂದೇ ತಟ್ಟೆಯಷ್ಟು. ತೊಂಬತ್ತೆರಡರ ಜನವರಿಯಲ್ಲಿ ಕಾಶಿಯ ವಿದ್ಯುತ್ತು ಕೈಕೊಟ್ಟು ಪ್ರಯೋಗಾಲಯ ಹಿಮಾಲಯವೇ ಆದಾಗ, ಅವನು ಅವುಗಳಿಗೆ ಶಾಲು ಹೊದಿಸಿ, ರಿಕ್ಷಾದಲ್ಲಿ ಕೂರಿಸಿಕೊಂಡು, ಗಂಗೆಯ ದಡದ ಶಿವಾಲ ಬೀದಿಯಲ್ಲಿ ತಾನು ವಾಸವಿದ್ದ ಮಾವನ ಮನೆಗೆ ತಂದ. ಅಲ್ಲಿ ಬೆಚ್ಚಗಿದ್ದದ್ದು ಅತ್ತೆ ಭಾಗೀರಥಮ್ಮನವರ ಅಡುಗೆಮನೆ ಮಾತ್ರ. ಮಾವನವರದು ಪೌರೋಹಿತ್ಯ, ಊಟಕ್ಕೆ ಬರುವ ಕರ್ನಾಟಕದ ಯಾತ್ರಿಕರು ಸುಮ್ಮನಿರದೆ ಮುಚ್ಚಳ ತೆಗೆದು ನೋಡಿಯಾರು! ಪ್ರಾಣೇಶ ಬ್ರಹ್ಮಾಸ್ತ್ರವನ್ನೇ ಹೂಡಿದ.

"ಅತ್ತೆ, ಇವು ಮಡಿ ಸೀಸೆಗಳು."

"ಹಾಗೋ? ಸರಿ" ಎಂದರು ಭಾಗೀರಥಮ್ಮ.

ಅಸ್ತ್ರ ಫಲಿಸಿತು. ಬೂಷ್ಟಿನ ಸುಳಿವೇ ಇಲ್ಲ! ಆದರೆ ಸಸಿಗಳು ಇದ್ದ ಆಹಾರವನ್ನೆಲ್ಲ ಉಂಡು ಮುಗಿಸಿ ಕಂದತೊಡಗಿದವು. ಕೂಡಲೇ ಹೊಸ ಸೀಸೆಗಳಿಗೆ ವರ್ಗಾಯಿಸದಿದ್ದರೆ ಉಪವಾಸ ಮರಣ. ಪ್ರಾಣೇಶ ಲೋಳೆ ತುಂಬಿದ ಹೊಸ ಸೀಸೆಗಳನ್ನೂ ಚಿಮಟವನ್ನೂ ಹಿಡಿದು ಅಡುಗೆಮನೆಗೆ ಧಾವಿಸಿದ.

"ಅಲ್ಲೇ ನಿಲ್ಲಿ! ಮಡಿ ಅಂತ ನೀವೇ ಹೇಳಿದ್ದಲ್ವೇ?"

"ಅದು... ಬೇರೆಯವರಿಗೆ, ಅತ್ತೆ."

"ಅಳಿಯನಿಗೊಂದು ಮಡಿ, ಯಾತ್ರಿಕರಿಗೊಂದು ಮಡಿಯೇ? ಕೇದಾರ ಘಾಟಿಗೆ ಹೋಗಿ ಮುಳುಗಿ ಬನ್ನಿ."

ಮುಳುಗಿದ. ಮೈಯ ಮೂಳೆಗಳೆಲ್ಲ ಸಾಮೂಹಿಕ ರಾಜೀನಾಮೆ ಕೊಟ್ಟವು! ಒದ್ದೆ ಪಂಚೆಯಲ್ಲಿ ಗಲ್ಲಿ ಹತ್ತುತ್ತಿದ್ದರೆ ಪಾನ್ ಅಂಗಡಿಯವನು, "ಅರೇ ಡಾಕ್ಟರ್ ಸಾಹಬ್, ಇತ್ನೀ ಠಂಡ್ ಮೇಂ?" ಎಂದು, ಇಷ್ಟು ಚಳಿಯಲ್ಲಿ ಮಿಂದವನ ಬೆನ್ನನ್ನು ಅಕ್ಕರೆಯಿಂದ ತಟ್ಟಿಬಿಟ್ಟ. ಮಡಿ ಹೋಯಿತು. ಮತ್ತೆ ಮುಳುಗಿದ.

ಕೊನೆಗೂ ಒಳಗೆ ಕುಳಿತು, ಶಾಸ್ತ್ರ ಮುಗಿಯಿತು, ಇನ್ನು ವಿಜ್ಞಾನವೆಂದು ಕೈಗೆ ಸ್ಪಿರಿಟ್ ಒರೆಸಿಕೊಂಡ.

"ಏನದು ನಾತ?"

"ಸ್ಪಿರಿಟ್, ಅತ್ತೆ. ಕ್ರಿಮಿ ಸಾಯಲಿಕ್ಕೆ."

"ಶರಾಬು! ರಾಮ ರಾಮ, ದೇವರ ನೈವೇದ್ಯ ಬೇಯೋ ಜಾಗದಲ್ಲಿ ಶರಾಬು! ನಡೀರಿ ಗಂಗೆಗೆ!"

"ಗಂಗೆಯಲ್ಲಿ ಮುಳುಗಿದರೆ ಕೈತುಂಬ ಕ್ರಿಮಿ, ಅತ್ತೆ!"

ನಾಲಿಗೆ ಜಾರಿತ್ತು. ಭಾಗೀರಥಮ್ಮನವರ ಕೈಯ ಸೌಟು ನಿಧಾನವಾಗಿ ಮೇಲೆದ್ದಿತು.

"ಏನಂದ್ರಿ? ಗಂಗಮ್ಮನಲ್ಲಿ ಕ್ರಿಮಿಯೇ?"

ಸ್ಪಿರಿಟ್ ಒರೆಸಿದರೆ ಮೈಲಿಗೆ, ಮಿಂದರೆ ಕ್ರಿಮಿ! ಈ ವಿಷಚಕ್ರದ ನಡುವೆ ಪ್ರಾಣೇಶ ಗಡಗಡ ನಡುಗುತ್ತಿದ್ದರೆ, ಬಾಗಿಲಿಗೊರಗಿ ನಗುತ್ತಿದ್ದ ವಸುಮತಿ ಬಾಯಿ ಹಾಕಿದಳು.

"ಅಮ್ಮಾ, ಬೆಂಕಿಗೆ ಮೈಲಿಗೆ ಇದೆಯೇ?"

"ಅಗ್ನಿಗೆಂಥ ಮೈಲಿಗೆಯೇ, ಹುಚ್ಚಿ!"

"ರೀ, ಬೆಂಕಿಯಲ್ಲಿ ಕ್ರಿಮಿ ಬದುಕುತ್ತಾ?"

"ಇಲ್ಲ."

"ಮತ್ಯಾಕೆ ಇಬ್ಬರದೂ ಜಗಳ?"

ಹೊಳೆಯಿತು! ಒಲೆಯ ಮೇಲೆ ಕೊಳಗದಷ್ಟು ನೀರು ಮರಳಿತು. ಕಾದಾರಿದ ನೀರಿನಲ್ಲಿ ಕೈ ತೊಳೆದು, ಕೆಂಡದಲ್ಲಿ ಕಾಸಿದ ಚಿಮಟದಿಂದ, ಏಳುತ್ತಿದ್ದ ಹಬೆಯಲ್ಲೇ ಅವನು ಒಂದೊಂದು ಸಸಿಯನ್ನೂ ಹೊಸ ಸೀಸೆಗೆ ಇಳಿಸಿದ. ಉಸಿರೂ ತಾಗಬಾರದೆಂದಾಗ ಭಾಗೀರಥಮ್ಮ ಬಾಯಿಗೆ ಸೆರಗು ಒತ್ತಿ ಸೀಸೆಗಳನ್ನು ಓರೆಯಾಗಿ ಹಿಡಿದರು. ಎಳೆಬೇರುಗಳನ್ನು ಕಂಡು, ಸೆರಗಿನೊಳಗಿಂದಲೇ, "ಪಾಪ, ಇಷ್ಟು ಪುಟಾಣಿಗಳಾ!" ಎಂದರು.

ವಸಂತ ಪಂಚಮಿ ಕಳೆಯುವಷ್ಟರಲ್ಲಿ ಎಲ್ಲ ಸೀಸೆಗಳಲ್ಲೂ ಹೊಸ ಎಲೆ! ಸುದ್ದಿ ಕೇಳಿ ವಿಭಾಗದ ಮುಖ್ಯಸ್ಥ ತ್ರಿಪಾಠಿಯವರೇ ಬಂದರು. ಹೊಸ್ತಿಲಾಚೆ ನಿಂತು, ಭಾಗೀರಥಮ್ಮ ಎತ್ತಿ ತೋರಿಸಿದ ಸೀಸೆಗಳನ್ನು ಬೆರಗಿನಿಂದ ನೋಡಿದರು.

"ಕಮಾಲ್ ಹೈ! ಒಂದು ಚುಕ್ಕೆ ಬೂಷ್ಟಿಲ್ಲ. ಮತ್ತೊಂದು ಬೀಜಕೋಶ ಬಂದಿದೆ. ಅದೂ ಇಲ್ಲಿಯೇ ಬೆಳೆಯಲಿ."

"ಖಂಡಿತ, ಸರ್" ಎಂದು ಪ್ರಾಣೇಶ ಕೈಚಾಚಿದ. ತ್ರಿಪಾಠಿಯವರು ಅವನನ್ನು ಬಳಸಿ ಮುಂದೆ ಬಾಗಿ, ಬೀಜಕೋಶದ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟರು.

"ಮಾತಾಜೀ, ಇಸೇ ಭೀ ಆಪ್ ಹೀ ಸಂಭಾಲಿಯೇ."

ಇದನ್ನೂ ತಾವೇ ನೋಡಿಕೊಳ್ಳಬೇಕೆಂಬ ಬಿನ್ನಹಕ್ಕೆ ಭಾಗೀರಥಮ್ಮ ಗಂಭೀರವಾಗಿ ತಲೆಯಾಡಿಸಿ, ಮಗಳತ್ತ ತಿರುಗಿದರು:

"ಆಗಲಿ ಅನ್ನೇ. ಆದರೆ ಅಳಿಯಂದಿರನ್ನು ಹಗಲೆಲ್ಲ ಲ್ಯಾಬಿನಲ್ಲೇ ಇಟ್ಟುಕೊಳ್ಳಲಿಕ್ಕೆ ಹೇಳು. ಸೀಸೆಗಳದ್ದೇನೂ ತೊಂದರೆ ಇಲ್ಲ. ಪದೇ ಪದೇ ಕೆಡೋದು ಇವರೇ!"